ಘಾನಾದ ಬೊಕ್ಕಸ ಖಾಲಿ ಮಾಡಿದ್ದು ಯಾವುದು? ಎನ್‌ಕ್ರುಮಾ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಘಾನಾದ ಮೊದಲ ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ ದೊಡ್ಡ ಯೋಜನೆಗಳಿಗೆ ದುಡ್ಡು ಸುರಿದು ಬೊಕ್ಕಸ ಖಾಲಿ ಮಾಡಿದರು ಅಂತ ಒಂದು ಪುಸ್ತಕದಲ್ಲಿದೆ. ಇನ್ನೊಂದರಲ್ಲಿ ಅವರು ಆ ದೇಶ ಕಟ್ಟಿದ ಮಹಾನುಭಾವ. ಯಾವುದನ್ನು ನಂಬಲಿ?
– ಓದುಗರು, ಶಿವಮೊಗ್ಗ

ಉತ್ತರ: ಎರಡನ್ನೂ ನಂಬಿ. ರಾಜಧಾನಿ ಅಕ್ರಾದಲ್ಲಿ ಎನ್‌ಕ್ರುಮಾ ಸ್ಮಾರಕ ಉದ್ಯಾನವಿದೆ. ಅಲ್ಲಿ ಅವರ ದೊಡ್ಡ ಕಂಚಿನ ಪ್ರತಿಮೆ ನಿಂತಿದೆ. 1966ರಲ್ಲಿ ಜನ ಕೆಡವಿದ ಹಳೆಯ ಪ್ರತಿಮೆಯನ್ನೂ ಅಲ್ಲೇ ಇಟ್ಟಿದ್ದಾರೆ, ರುಂಡ ಬೇರೆ, ಮುಂಡ ಬೇರೆ. ಆದರೆ ಪರೀಕ್ಷೆಯಲ್ಲಿ ‘ಖರ್ಚು ಜಾಸ್ತಿಯಾಯಿತು’ ಅಂತಷ್ಟೇ ಬರೆದರೆ ಉತ್ತರ ಅರ್ಧ. ಆ ದುಡ್ಡು ಯಾರದ್ದು, ಅದನ್ನು ಯಾವ ಷರತ್ತಿಗೆ ತಂದರು ಅನ್ನುವುದೇ ಮುಖ್ಯ.

ಘಾನಾ ಸ್ವತಂತ್ರವಾದದ್ದು 1957ರ ಮಾರ್ಚ್ 6ರಂದು. ಗಣರಾಜ್ಯವಾದದ್ದು 1960ರ ಜುಲೈ 1ರಂದು. ಬ್ರಿಟಿಷರು ಹೊರಟಾಗ ದೇಶದ ಕೈಯಲ್ಲಿ ಹೆಚ್ಚುಕಡಿಮೆ 20 ಕೋಟಿ ಪೌಂಡ್ ಮೀಸಲು ಹಣವಿತ್ತು. ಹೊಸದಾಗಿ ಹುಟ್ಟಿದ ದೇಶಕ್ಕೆ ಇದು ಸಣ್ಣ ಗಂಟಲ್ಲ. ಅದು ಬಹುಪಾಲು ಕೋಕೋ ಬೆಳೆಗಾರರ ಬೆವರು. ಪುತ್ತೂರು ಕಡೆಯವರಿಗೆ ಕೋಕೋ ಅಂದರೆ ಅಡಿಕೆ ತೋಟದ ನಡುವಿನ ಬೆಳೆ. ಘಾನಾಕ್ಕೆ ಅದೇ ಜೀವ. ಸರ್ಕಾರದ ಕೋಕೋ ಮಂಡಳಿ ರೈತರಿಂದ ನಿಗದಿ ಬೆಲೆಗೆ ಕೊಂಡು ಹೊರದೇಶಕ್ಕೆ ಮಾರುತ್ತಿತ್ತು. ನಡುವಿನ ವ್ಯತ್ಯಾಸ ಸರ್ಕಾರದ ಕೈಗೆ. ಈ ಪದ್ಧತಿ ಶುರು ಮಾಡಿದವರು ಬ್ರಿಟಿಷರು, ಎನ್‌ಕ್ರುಮಾ ಅದನ್ನು ಬಿಡಲಿಲ್ಲ, ಅಷ್ಟೇ. 1954ರಲ್ಲಿ ಹೊರಗೆ ಕೋಕೋ ಬೆಲೆ ಗಗನಕ್ಕೇರಿತ್ತು. ಬ್ರಿಟಿಷರ ಕೆಳಗೆ ಆಗಲೇ ಪ್ರಧಾನಿಯಾಗಿದ್ದ ಎನ್‌ಕ್ರುಮಾ ಅವರ ಸರ್ಕಾರ ಮಾತ್ರ 60 ಪೌಂಡ್ ತೂಕದ ಒಂದು ಹೊರೆಗೆ 72 ಷಿಲಿಂಗ್ ಅಂತ ಕಾನೂನು ಮಾಡಿತು. ಅಶಾಂಟಿ ಸೀಮೆಯ ಬೆಳೆಗಾರರು ರೊಚ್ಚಿಗೆದ್ದು, ಬೇರೆ ಪಕ್ಷದ ಬೆನ್ನಿಗೇ ನಿಂತರು.

ಆ ಹಣದಲ್ಲಿ ಏನೇನು ಆಯಿತು? ತೆಮಾ ಬಂದರು, ಅದರ ಪಕ್ಕದಲ್ಲೊಂದು ಹೊಸ ಪಟ್ಟಣ, ಅಲ್ಲಿಂದ ಅಕ್ರಾಕ್ಕೆ ಹೆದ್ದಾರಿ. 1961ರ ಕಾನೂನಿನಲ್ಲಿ ಉಚಿತ, ಕಡ್ಡಾಯ ಶಿಕ್ಷಣ. ಹೊಸ ವಿಶ್ವವಿದ್ಯಾಲಯ. ಇವು ದುಬಾರಿ ಹೌದು, ದಂಡ ಅಲ್ಲ. ತೆಮಾ ಇವತ್ತಿಗೂ ಆ ದೇಶದ ಮುಖ್ಯ ಬಂದರು. ಇನ್ನೊಂದು ಕಡೆ, ಬೆಲೆ ಏರುವ ತನಕ ಕೋಕೋ ಕೂಡಿಡಲು ಅಂತ ಕಟ್ಟಿದ ಬೃಹತ್ ಕಣಜಗಳು ಬಳಕೆಗೇ ಬರಲಿಲ್ಲ. ಮಾವಿನ ಹಣ್ಣು ಸಂಸ್ಕರಿಸುವ ಕಾರ್ಖಾನೆಯ ಯೋಜನೆಯಂತೂ ನಗು ತರಿಸುತ್ತದೆ. ಅಂಥ ಸರಕಿಗೆ ಇಡೀ ಜಗತ್ತಿನಲ್ಲಿ ನಡೆಯುತ್ತಿದ್ದ ವ್ಯಾಪಾರದ ಹಲವು ಪಟ್ಟು ಉತ್ಪಾದಿಸುವ ಸಾಮರ್ಥ್ಯ ಅದಕ್ಕೆ! ಆದರೆ ಸುತ್ತಮುತ್ತ ಇದ್ದದ್ದು ಪೊದೆಗಳ ನಡುವೆ ಅಲ್ಲೊಂದು ಇಲ್ಲೊಂದು ಮಾವಿನ ಮರ. 1965ರಲ್ಲಿ ಆಫ್ರಿಕಾದ ನಾಯಕರ ಶೃಂಗಸಭೆಗಾಗಿ ಕಟ್ಟಿಸಿದ ಭವ್ಯ ಕಟ್ಟಡ ಬಂದದ್ದು ಅಂಗಡಿಗಳಲ್ಲಿ ಸಾಮಾನು ಸಿಗದ ಕಾಲಕ್ಕೆ.

ಇಂಥ ಯೋಜನೆಗಳು ಯಾಕೆ ಒಳಗೆ ನುಸುಳಿದವು? ನನ್ನ ಪ್ರಕಾರ ನಿಜವಾದ ತಪ್ಪು ಇಲ್ಲಿದೆ. ಮೀಸಲು ಕರಗಿದ ಮೇಲೆ ಯುರೋಪಿನ ಮಾರಾಟಗಾರರು ಸಾಲದ ಮೇಲೆ ಯಂತ್ರ ಕೊಡಲು ಮುಂದೆ ಬಂದರು. ಈಗ ಯಂತ್ರ ತಗೊಳ್ಳಿ, ಕೆಲವೇ ವರ್ಷಗಳಲ್ಲಿ ಬಡ್ಡಿ ಸಮೇತ ಕಟ್ಟಿ ಅನ್ನುವ ಲೆಕ್ಕ. ಅಣೆಕಟ್ಟು, ಶಾಲೆ ಫಲ ಕೊಡಲು ಹತ್ತಿಪ್ಪತ್ತು ವರ್ಷ ಬೇಕು. ಇಲ್ಲಿ ಕಂತು ಮಾತ್ರ ಕಾರ್ಖಾನೆ ಓಡುವ ಮುಂಚೆಯೇ ಶುರು. ಮಾರುವವನಿಗೆ ಬೇಕಿದ್ದದ್ದು ಯಂತ್ರ ಸಾಗಿಸುವುದು. ಕಾರ್ಖಾನೆ ನಡೆಯುತ್ತೋ ಇಲ್ಲವೋ ಅವನಿಗೇನು? ಮಧ್ಯದಲ್ಲಿ ಕಮಿಷನ್ ತಿನ್ನುವವರೂ ಇದ್ದರು.

ಇದೇ ಹೊತ್ತಿಗೆ ಕೋಕೋ ಬೆಲೆ ಕುಸಿಯಿತು. 1964–65ರಲ್ಲಿ ಘಾನಾ 5 ಲಕ್ಷ ಟನ್ ಮೀರಿ ದಾಖಲೆ ಬೆಳೆ ತೆಗೆಯಿತು. ಬೆಳೆ ಹೆಚ್ಚಾದಂತೆ ಬೆಲೆ ಬಿದ್ದುಹೋಯಿತು. ರೈತನ ಹೊರೆಯ ಬೆಲೆಯನ್ನೂ 1965ರಲ್ಲಿ 40 ಷಿಲಿಂಗ್‌ಗೆ ಇಳಿಸಿದರು.

ಹಾಗಾದರೆ ಯಾರೂ ‘ಸಾಕು ನಿಲ್ಲಿಸಿ’ ಅನ್ನಲಿಲ್ಲವೇ? ಅಂದರು. ಆರ್ಥಿಕ ಸಲಹೆಗಾರರಾಗಿ ಬಂದ ಆರ್ಥರ್ ಲೂಯಿಸ್ ಆಡಂಬರದ ಖರ್ಚು ಬೇಡ ಎಂದು ವಾದಿಸಿ, 1958ರಲ್ಲೇ ಹೊರಟುಹೋದರು. ಮುಂದೆ 1979ರಲ್ಲಿ ಅವರಿಗೆ ನೊಬೆಲ್ ಬಂತು. 1961ರಲ್ಲಿ ಸರ್ಕಾರ ತೆರಿಗೆ ಏರಿಸಿ, ಸಂಬಳದಲ್ಲಿ ಕಡ್ಡಾಯ ಉಳಿತಾಯ ಹಿಡಿಯತೊಡಗಿದಾಗ ಸೆಕೊಂಡಿ-ತಕೊರಾಡಿಯ ರೈಲ್ವೆ ಕಾರ್ಮಿಕರು ಮುಷ್ಕರ ಹೂಡಿದರು. ಮುಂದಾಳುಗಳಲ್ಲಿ ಹಲವರು ಜೈಲು ಸೇರಿದರು. ವಿಚಾರಣೆಯಿಲ್ಲದೆ ಐದು ವರ್ಷ ಒಳಗಿಡುವ ಕಾನೂನು 1958ರಿಂದಲೇ ಇತ್ತು. 1960ರ ಚುನಾವಣೆಯಲ್ಲಿ ಎನ್‌ಕ್ರುಮಾ ಎದುರು ನಿಂತಿದ್ದ ಜೆ.ಬಿ. ಡಂಕ್ವಾ 1965ರಲ್ಲಿ ಸೆರೆಮನೆಯಲ್ಲೇ ಸತ್ತರು. 1964ರಿಂದ ಒಂದೇ ಪಕ್ಷ. ಮಾವಿನ ಕಾರ್ಖಾನೆಯ ಲೆಕ್ಕ ಸರಿಯಿಲ್ಲ ಅಂತ ಸಂಸತ್ತಿನಲ್ಲಿ ಎದ್ದು ಕೇಳಲು ಆಮೇಲೆ ಯಾರು ಉಳಿದಿದ್ದರು?

ಪ್ರಶ್ನೆ: ನಮ್ಮ ಅಜ್ಜನ ಮನೆ ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿತು. ಅದೇ ಕಾಲದಲ್ಲಿ ಘಾನಾದಲ್ಲೂ ದೊಡ್ಡ ಅಣೆಕಟ್ಟು ಕಟ್ಟಿದರಂತೆ. ಅಲ್ಲಿನವರ ಗತಿ ಏನಾಯಿತು?
– ಓದುಗರು, ಸಾಗರ

ಉತ್ತರ: ಅದು ವೋಲ್ಟಾ ನದಿಯ ಅಕೊಸೊಂಬೊ ಅಣೆಕಟ್ಟು. 1961ರಲ್ಲಿ ಶುರುವಾಗಿ 1965ರಲ್ಲಿ ಮುಗಿಯಿತು. ಹಿಂದೆ ನಿಂತ ಸರೋವರ ಸುಮಾರು 8,500 ಚದರ ಕಿಲೋಮೀಟರ್. ಸುಮಾರು 80,000 ಜನ ಮನೆ ಬಿಟ್ಟರು. ಅವರಿಗಾಗಿ 52 ಹೊಸ ಊರು ಕಟ್ಟಿದರು. ಆದರೆ ಮನೆಯಲ್ಲಿ ಒಂದು ಕೋಣೆ ಮಾತ್ರ ಮುಗಿಸಿ, ಉಳಿದದ್ದನ್ನು ನೀವೇ ಕಟ್ಟಿಕೊಳ್ಳಿ ಅಂದರು. ಟ್ರ್ಯಾಕ್ಟರ್ ಬೇಸಾಯದ ಮಾತು ಕೊಟ್ಟಿದ್ದರು, ಅದಕ್ಕೆ ಬೇಕಾದಷ್ಟು ನೆಲ ಹಸನು ಮಾಡಲೇ ಇಲ್ಲ. ಬಹಳ ಜನ ಆ ಊರುಗಳನ್ನು ಬಿಟ್ಟರು. ಕೆಳಗಿನ ಹೊಳೆಯಲ್ಲಿ ಮಳಿ (ಚಿಪ್ಪುಮೀನು) ಹೆಕ್ಕಿ ಬದುಕುತ್ತಿದ್ದ ಹೆಂಗಸರ ದಾರಿ ಮುಚ್ಚಿತು. ಸರೋವರದ ಅಂಚಿನ ಮಕ್ಕಳಿಗೆ ಬಸವನಹುಳುವಿನಿಂದ ಹರಡುವ ರಕ್ತಮೂತ್ರದ ರೋಗ ಹೆಚ್ಚಾಯಿತು. ಮೀನುಗಾರರಿಗೆ ಮಾತ್ರ ಹೊಸ ನೀರು ಒಲಿಯಿತು.

ಕರೆಂಟು ಯಾರಿಗೆ ಹೋಯಿತು ಅಂತ ನೀವು ಕೇಳಿಯೇ ಕೇಳುತ್ತೀರಿ. ಮೊದಲ ವರ್ಷಗಳಲ್ಲಿ ಬಹುಪಾಲು ಹೋದದ್ದು ಅಮೆರಿಕದ ಕೈಸರ್ ಮತ್ತು ರೆನಾಲ್ಡ್ಸ್ ಕಂಪನಿಗಳ ಅಲ್ಯುಮಿನಿಯಂ ಕಾರ್ಖಾನೆಗೆ. 30 ವರ್ಷದ ಒಪ್ಪಂದ, ದರ ತೀರಾ ಅಗ್ಗ. ದೊಡ್ಡ ಗ್ರಾಹಕ ಇಲ್ಲದಿದ್ದರೆ ಅಣೆಕಟ್ಟಿಗೆ ಸಾಲ ಹುಟ್ಟುತ್ತಿರಲಿಲ್ಲ. ಹಾಗಾಗಿ ಎನ್‌ಕ್ರುಮಾ ಒಪ್ಪಿದರು. ಘಾನಾದಲ್ಲೇ ಬಾಕ್ಸೈಟ್ ಅದಿರು ಇದ್ದರೂ ಕಾರ್ಖಾನೆ ಕಚ್ಚಾವಸ್ತುವನ್ನು ಹೊರಗಿನಿಂದಲೇ ತರಿಸಿತು. 1985ರಲ್ಲಿ ಜೆರ್‍ರಿ ರಾಲಿಂಗ್ಸ್ ಸರ್ಕಾರ ಹಟ ಹಿಡಿದು ದರ ಏರಿಸಿತು. ಇಷ್ಟಾದರೂ ಎನ್‌ಕ್ರುಮಾ ಅವರ ದುಬಾರಿ ಕೆಲಸಗಳಲ್ಲಿ ಒಂದನ್ನು ಉಳಿಸಿಕೊಳ್ಳಿ ಅಂದರೆ ನಾನು ಇದನ್ನೇ ಉಳಿಸುತ್ತೇನೆ. ಕಟ್ಟಿದ್ದು ತಪ್ಪಲ್ಲ, ಒಪ್ಪಂದ ತಪ್ಪು.

ಪ್ರಶ್ನೆ: ಎನ್‌ಕ್ರುಮಾ ಅವರನ್ನು ಇಳಿಸಿದ್ದು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಅಂತಾರೆ, ನಿಜವಾ? ಆಮೇಲೆ ಸಾಲ ಕಟ್ಟಿದ್ದು ಯಾರು?
– ಓದುಗರು, ದಾವಣಗೆರೆ

ಉತ್ತರ: ಸಂಚು ನಡೆಯುತ್ತಿರುವುದು ಅಮೆರಿಕಕ್ಕೆ 1965ರಲ್ಲೇ ಗೊತ್ತಿತ್ತು, ಎನ್‌ಕ್ರುಮಾ ಬಿದ್ದಾಗ ಖುಷಿಯೂ ಆಯಿತು. ಇದಕ್ಕೆ ಅವರದೇ ಸರ್ಕಾರಿ ಕಡತಗಳಿವೆ. ಆದರೆ ಬಂದೂಕು ಎತ್ತಿದವರು ಘಾನಾದ ಸೈನಿಕರು, ಪೊಲೀಸರು. ಅಧ್ಯಕ್ಷರ ಕಾವಲು ಪಡೆಗೆ ಸಿಗುವ ಸವಲತ್ತು ತಮಗಿಲ್ಲ ಎಂಬ ಸಿಟ್ಟು ಸೇನೆಯಲ್ಲಿ ಮೊದಲೇ ಇತ್ತು. 1966ರ ಫೆಬ್ರವರಿ 24ರಂದು, ಎನ್‌ಕ್ರುಮಾ ವಿಯೆಟ್ನಾಂಗೆ ಹೊರಟು ಚೀನಾ ಮುಟ್ಟಿದ್ದಾಗ, ಅವರ ಸರ್ಕಾರ ಉರುಳಿತು. ಅಣೆಕಟ್ಟು ಉದ್ಘಾಟಿಸಿ ಬರೀ ತಿಂಗಳಾಗಿತ್ತು.

ಸಾಲದ ಕಥೆ ಅವರ ಜೊತೆ ಮುಗಿಯಲಿಲ್ಲ. ಬಂದ ಸರ್ಕಾರಗಳೆಲ್ಲ ಸಾಲಗಾರರ ಮುಂದೆ ಕೂತು ಕಂತು ಮುಂದೂಡಿಸಿಕೊಂಡವು, ಬಡ್ಡಿ ಬೆಳೆಯಿತು. ಕೊನೆಗೆ 1972ರ ಫೆಬ್ರವರಿಯಲ್ಲಿ, ಇನ್ನೊಂದು ದಂಗೆಯಲ್ಲಿ ಅಧಿಕಾರ ಹಿಡಿದ ಸೇನಾಧಿಕಾರಿ ಅಚಿಂಪಾಂಗ್ ಆ ಯಂತ್ರ ಮಾರಿದವರ ಸಾಲದಲ್ಲಿ ಒಂದು ಭಾಗವನ್ನು ‘ಕಟ್ಟುವುದಿಲ್ಲ’ ಅಂದುಬಿಟ್ಟರು.