ಊರಿನ ಗುಡ್ಡದ ಮೇಲಿದ್ದ ಎಲ್‌ಪಿಟಿ ಎಂಬ ಟಿವಿ ಟವರ್‌ಗೂ ಬೆಂಗಳೂರಿನ ದೂರದರ್ಶನ ಕೇಂದ್ರಕ್ಕೂ ಏನು ವ್ಯತ್ಯಾಸ?

ಬೆಂಗಳೂರಿನ ಜೆ.ಸಿ. ನಗರದಲ್ಲಿರುವುದು ಸ್ಟುಡಿಯೋ ಇರುವ ಕೇಂದ್ರ. ಅಲ್ಲಿ ಕಾರ್ಯಕ್ರಮ ತಯಾರಾಗುತ್ತದೆ. ಎಲ್‌ಪಿಟಿ, ಅಂದರೆ ಲೋ ಪವರ್ ಟ್ರಾನ್ಸ್‌ಮಿಟರ್, ಸ್ವಂತವಾಗಿ ಏನನ್ನೂ ತಯಾರಿಸುತ್ತಿರಲಿಲ್ಲ. ಒಂದು ದೊಡ್ಡ ಡಿಶ್ ಉಪಗ್ರಹದಿಂದ ಸಿಗ್ನಲ್ ಹಿಡಿಯುತ್ತಿತ್ತು, ಪಕ್ಕದ ಟವರ್ ಅದನ್ನೇ ಸುತ್ತಲಿನ ಮನೆಗಳಿಗೆ ಮತ್ತೆ ಹರಡುತ್ತಿತ್ತು. ಅಷ್ಟೇ ಕೆಲಸ.

ಶುರುವಿನ ಎಲ್‌ಪಿಟಿಗಳ ಶಕ್ತಿ ಬರೀ 100 ವಾಟ್. ಒಂದು ಹಳೇ ಬಲ್ಬಿನಷ್ಟು! ಅದಕ್ಕೇ ಊರು ದಾಟಿ ಸ್ವಲ್ಪ ದೂರ ಹೋದರೆ ಪರದೆ ತುಂಬಾ ಚುಕ್ಕಿ. ಟಿವಿ ಅಲೆಗಳು ಹೆಚ್ಚುಕಡಿಮೆ ನೇರ ದಾರಿಯಲ್ಲೇ ಸಾಗುತ್ತವೆ. ಮಧ್ಯೆ ಗುಡ್ಡ ಬಂದರೆ ಕಷ್ಟ. ಆದ್ದರಿಂದಲೇ ಆಂಟೆನಾವನ್ನು ಉದ್ದನೆಯ ಕಂಬಕ್ಕೆ ಕಟ್ಟಿ, ಒಬ್ಬರು ಮಾಳಿಗೆ ಮೇಲೆ ತಿರುಗಿಸುತ್ತಾ, ಇನ್ನೊಬ್ಬರು ಕೆಳಗಿನಿಂದ "ಬಂತು, ಬಂತು" ಅಂತ ಕೂಗುತ್ತಿದ್ದದ್ದು.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಕರ್ನಾಟಕದಲ್ಲಿ ಟಿವಿ ಮೊದಲು ಬಂದದ್ದು ಬೆಂಗಳೂರಿಗಲ್ಲ. 1975-76ರಲ್ಲಿ ಹಳ್ಳಿಗಳಿಗೆ ಟಿವಿ ತೋರಿಸಲು ನಡೆದ 'ಸೈಟ್' (SITE) ಎಂಬ ಪ್ರಯೋಗದಲ್ಲಿ ಕಲಬುರಗಿ ಕಡೆಯ ಹಳ್ಳಿಗಳು ಉಪಗ್ರಹದ ಮೂಲಕ ಟಿವಿ ನೋಡಿದವು. 1977ರಲ್ಲಿ ಕಲಬುರಗಿಗೆ ಟ್ರಾನ್ಸ್‌ಮಿಟರ್ ಬಂತು. ಬೆಂಗಳೂರಿನ ಸರದಿ ಬಂದದ್ದು 1981ರಲ್ಲಿ. ನನಗೆ ಇದು ಈಗಲೂ ಖುಷಿ ಕೊಡುವ ಸಂಗತಿ.

1983ರಲ್ಲಿ ಇನ್ಸಾಟ್-1ಬಿ ಉಪಗ್ರಹ ಮೇಲೇರಿದ ಮೇಲೆ ಎಲ್‌ಪಿಟಿಗಳು ದೇಶದ ತುಂಬಾ ಎದ್ದವು. ಮುಂದೆ ಕೇಬಲ್ ಬಂತು, ಮನೆ ಮನೆಗೆ ಡಿಶ್ ಬಂತು. ಆಂಟೆನಾ ಹಾಕುವವರೇ ಇಲ್ಲವಾದಾಗ ದೂರದರ್ಶನ ನಡೆಸುವ ಪ್ರಸಾರ ಭಾರತಿ ಹಳೇ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ಹಂತಹಂತವಾಗಿ ನಿಲ್ಲಿಸಿತು. 2022ರ ಹೊತ್ತಿಗೆ ಗಡಿಭಾಗದಂಥ ಕೆಲವು ಕಡೆ ಬಿಟ್ಟರೆ ಬಹುತೇಕ ಎಲ್ಲವೂ ಮುಚ್ಚಿದ್ದವು.