ತಟ್ಟೆ ಬೇರೆ, ಲೋಟ ಬೇರೆ

ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ನನ್ನ ಹತ್ತಿರ ಸಲಹೆ ಕೇಳಲು ಬಂದ ಇವರನ್ನು ಸುಧಾ ಅನ್ನೋಣ. ಗಂಡನಿಗೆ ಮೆದುಳಿನ ಟಿಬಿ, ಅಂದರೆ ಟಿಬಿ ಮೆನಿಂಜೈಟಿಸ್. ಆಸ್ಪತ್ರೆಯಿಂದ ಮನೆಗೆ ಬಂದು ಎರಡು ವಾರವಾಗಿತ್ತು.

ಮಾತ್ರೆ ಯಾವಾಗ ಕೊಡಬೇಕು ಅಂತ ಕೇಳಲು ಬಂದೆ ಎಂದರು. ಖಾಲಿ ಮಾತ್ರೆ ಪಟ್ಟಿಯನ್ನು ಮಡಚುತ್ತಾ ಕೂತಿದ್ದರು. ಸ್ವಲ್ಪ ಹೊತ್ತಿಗೆ ಮಾತು ಬೇರೆ ಕಡೆ ಹೊರಳಿತು.

"ಮೂರು ವಾರದಿಂದ ತಲೆನೋವು ಅಂತಿದ್ರು ಮೇಡಂ. ಸಣ್ಣ ಜ್ವರ ಬೇರೆ. ಏನು ಕೇಳಿದ್ರೂ ರೇಗೋರು. ಒಂದಿನ ಅಂಗಿ ಗುಂಡಿ ಅದಲುಬದಲು ಹಾಕ್ಕೊಂಡು ಹೊರಟಿದ್ರು. ಕುಡಿದಿದ್ದೀರಾ ಅಂತ ಮಕ್ಕಳೆದುರಿಗೇ ಕೇಳಿಬಿಟ್ಟೆ. ಮಾರನೇ ದಿನ ಫಿಟ್ಸ್ ಬಂತು."

ಸುಮ್ನೆ ಸಮಾಧಾನ ಹೇಳಿದರೆ ಇಂಥ ನೋವು ಹೋಗಲ್ಲ. ಹಾಗಾಗಿ ಕಾಯಿಲೆಯ ಬಗೆಯನ್ನೇ ಬಿಡಿಸಿ ಹೇಳಿದೆ. ಇದು ನಿಧಾನವಾಗಿ ಬರುತ್ತದೆ. ಮೆದುಳಿನ ಪೊರೆ ಊದಿಕೊಂಡಾಗ ಸಿಡುಕು, ಮಂಕು, ಗೊಂದಲವೇ ಮೊದಲು ಕಾಣಿಸಬಹುದು. ಬೆನ್ನಿನಿಂದ ನೀರು ತೆಗೆದು ಪರೀಕ್ಷೆ ಮಾಡಿದರೂ ಕೆಲವೊಮ್ಮೆ ರೋಗಾಣು ಸಿಕ್ಕುವುದಿಲ್ಲ. ವೈದ್ಯರಿಗೇ ಇಷ್ಟು ಕಷ್ಟವಾದದ್ದು ನಿಮಗೆ ಹೇಗೆ ಗೊತ್ತಾಗಬೇಕಿತ್ತು?

ಮನೆಯಲ್ಲಿ ಅತ್ತೆ ಸುಧಾ ಗಂಡನ ತಟ್ಟೆ ಲೋಟ ಬೇರೆ ಇಟ್ಟಿದ್ದರು. ಟಿಬಿ ಹರಡುವುದು ಕೆಮ್ಮಿದಾಗ ಗಾಳಿಯಿಂದ, ತಟ್ಟೆಯಿಂದಲ್ಲ. ಇವರ ಶ್ವಾಸಕೋಶದಲ್ಲಿ ಟಿಬಿ ಇರಲಿಲ್ಲ. ಇವತ್ತೇ ಒಟ್ಟಿಗೆ ಊಟಕ್ಕೆ ಕೂರಿ ಎಂದೆ. ಆದರೆ ಇವರಿಗೆ ಎಲ್ಲಿಂದಲೋ ತಗುಲಿದೆ ಅಲ್ವಾ, ಮಕ್ಕಳನ್ನೂ ಒಮ್ಮೆ ತೋರಿಸಿ ಅಂತಲೂ ಹೇಳಿದೆ.

ಮಾತ್ರೆ ಸಾಮಾನ್ಯವಾಗಿ 12 ತಿಂಗಳು, ಶ್ವಾಸಕೋಶದ ಟಿಬಿಗಿಂತ ಜಾಸ್ತಿ. ನಾಲ್ಕನೇ ತಿಂಗಳಿಗೆ ಚೆನ್ನಾಗಿದ್ದೀನಿ ಅನ್ನಿಸುತ್ತದೆ, ಆಗಲೇ ಮಾತ್ರೆ ಬಿಡದ ಹಾಗೆ ಎಚ್ಚರವಾಗಿರಬೇಕು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಅದು ರಿಫಾಂಪಿಸಿನ್ ಎಂಬ ಟಿಬಿ ಮಾತ್ರೆಯಿಂದ, ಹೆದರಬೇಡಿ. ಊತ ಇಳಿಸಲು ಕೊಡುವ ಸ್ಟೆರಾಯ್ಡ್ ಮಾತ್ರೆಯನ್ನು ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ, ನೀವಾಗಿ ನಿಲ್ಲಿಸಬೇಡಿ. ಈಗಿನ ಕೋಪಕ್ಕೆ ಅದೂ ಒಂದು ಕಾರಣವಿರಬಹುದು. ಕಣ್ಣು ಹಳದಿಯಾದರೆ, ದೃಷ್ಟಿ ಮಂಜಾದರೆ, ತಲೆನೋವಿನ ಜೊತೆ ವಾಂತಿ ಅಥವಾ ವಿಪರೀತ ಮಂಪರು ಬಂದರೆ ಮುಂದಿನ ತಾರೀಖಿಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಗಾಬರಿಯಲ್ಲಿರುವವರಿಗೆ ಕೇಳಿದ್ದು ಅರ್ಧವೂ ಉಳಿಯುವುದಿಲ್ಲ.

ಎರಡನೇ ಸಲ ಗಂಡನೂ ಬಂದಿದ್ದರು. ಗುಂಡಿ ನಿಧಾನವಾಗಿ, ಆದರೆ ತಾವೇ ಹಾಕಿಕೊಳ್ಳುತ್ತಾರಂತೆ. ಸುಧಾ ಆ ದಿನದ ಮಾತು ಎತ್ತಿದರು. ಗಂಡನಿಗೆ ಆ ವಾರಗಳ ನೆನಪೇ ಇಲ್ಲ. "ಏನಂದೆ ನೀನು?" ಎಂದು ಕೇಳಿದರು. ಸುಧಾ ಮೊದಲಿನಿಂದ ಹೇಳತೊಡಗಿದರು. ನಾನು ಎದ್ದು ಹೊರಗೆ ಹೋಗಿ ಕೂತೆ.