ಬೋರ್‌ವೆಲ್ ನೀರಿನ ಫ್ಲೋರೈಡೂ ಪುಸ್ತಕದ ಫ್ಲೋರಿನ್ನೂ ಒಂದೇನಾ? ಅಯಾನಿನ ಲೆಕ್ಕ ಎಲ್ಲಿ ತಪ್ಪುತ್ತದೆ?
ಬಾಗೇಪಲ್ಲಿ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಅಂತಾರೆ, ಪಿಯುಸಿ ಪುಸ್ತಕದಲ್ಲಿ ಫ್ಲೋರಿನ್ ವಿಷಾನಿಲ ಅಂತಿದೆ, ಎರಡೂ ಒಂದೇನಾ ಅಂತ ಕೇಳಿದ್ದೀರಿ. ಅಯಾನು (ಎಲೆಕ್ಟ್ರಾನ್ ಪಡೆದೋ ಕಳೆದುಕೊಂಡೋ ಆವೇಶ ಬಂದ ಪರಮಾಣು) ಕೊಟ್ಟಾಗ ಎಲೆಕ್ಟ್ರಾನ್ ಎಣಿಕೆ ತಪ್ಪುತ್ತದೆ ಅಂತಲೂ ಬರೆದಿದ್ದೀರಿ. ಎರಡರ ಬೇರೂ ಒಂದೇ, ಹಾಗಾಗಿ ಫ್ಲೋರಿನ್ನನ್ನೇ ಹಿಡಿದು ಹೇಳುತ್ತೇನೆ.

ಧಾತು ಯಾವುದು ಅಂತ ತೀರ್ಮಾನಿಸುವುದು ಪ್ರೋಟಾನ್ ಮಾತ್ರ. ನ್ಯೂಕ್ಲಿಯಸ್ಸಿನಲ್ಲಿ 9 ಪ್ರೋಟಾನ್ ಇದ್ದರೆ ಅದು ಫ್ಲೋರಿನ್, ಉಳಿದದ್ದು ಏನೇ ಇರಲಿ. ನಿಸರ್ಗದಲ್ಲಿ ಸಿಗುವ ಫ್ಲೋರಿನ್ನಿಗೆ ಒಂದೇ ಐಸೋಟೋಪು (ನ್ಯೂಟ್ರಾನ್ ಸಂಖ್ಯೆಯಿಂದ ಬೇರೆಯಾಗುವ ರೂಪ), ರಾಶಿ ಸಂಖ್ಯೆ, ಅಂದರೆ ಪ್ರೋಟಾನ್ ಮತ್ತು ನ್ಯೂಟ್ರಾನ್ ಕೂಡಿದ ಸಂಖ್ಯೆ, 19. ಅಂದರೆ ನ್ಯೂಟ್ರಾನ್ 19 − 9 = 10. ತಟಸ್ಥ ಪರಮಾಣುವಿನಲ್ಲಿ ಎಲೆಕ್ಟ್ರಾನ್ 9, ವಿನ್ಯಾಸ (ಯಾವ ಕವಚದ ಯಾವ ಉಪಕವಚದಲ್ಲಿ ಎಷ್ಟು ಎಲೆಕ್ಟ್ರಾನ್ ಅನ್ನುವುದು) 1ಎಸ್² 2ಎಸ್² 2ಪಿ⁵. 2ಪಿಯಲ್ಲಿ 6 ಹಿಡಿಸುತ್ತದೆ, ಇರುವುದು 5. ಒಂದು ಕಡಿಮೆ ಇರುವುದರ ಜೊತೆಗೆ ಪರಮಾಣು ತುಂಬಾ ಚಿಕ್ಕದು, ನ್ಯೂಕ್ಲಿಯಸ್ಸಿನ ಸೆಳೆತ ಜೋರು. ಅದಕ್ಕೇ ಫ್ಲೋರಿನ್ ಅನಿಲ ಸಿಕ್ಕಿದ್ದರಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ನೀರಿಗೆ ಬಿಟ್ಟರೆ ನೀರಿನ ಜೊತೆಗೇ ವರ್ತಿಸಿ ಆಮ್ಲಜನಕ ಹೊರಬಿಡುತ್ತದೆ. ಹಾಗಾಗಿ ಬೋರ್‌ವೆಲ್ಲಿನಲ್ಲಿ ಆ ಅನಿಲ ಉಳಿಯಲು ಸಾಧ್ಯವೇ ಇಲ್ಲ.

ಒಂದು ಎಲೆಕ್ಟ್ರಾನ್ ಸೇರಿ 2ಪಿ⁶ ಆದರೆ ಅದೇ ಫ್ಲೋರೈಡ್ ಅಯಾನು: ಪ್ರೋಟಾನ್ 9, ನ್ಯೂಟ್ರಾನ್ 10, ಎಲೆಕ್ಟ್ರಾನ್ 10, ಆವೇಶ −1. ನ್ಯೂಕ್ಲಿಯಸ್ ಅದೇ, ಗುಣ ಮಾತ್ರ ಪೂರ್ತಿ ಬೇರೆ. ನಿಮ್ಮ ಕಡೆಯ ಗ್ರಾನೈಟ್ ಬಂಡೆಯ ಫ್ಲೋರೈಟ್, ಅಪಟೈಟ್, ಅಭ್ರಕದಂಥ ಖನಿಜಗಳಿಂದ ನೀರಿಗೆ ಇಳಿಯುವುದು ಈ ಅಯಾನು. ಉಗ್ರತೆ ಹೋಯಿತು, ಆದರೆ ನಿರಪಾಯ ಅಂದುಕೊಳ್ಳಬೇಡಿ. ಇದರ ತ್ರಿಜ್ಯ ಸುಮಾರು 133 ಪಿಕೋಮೀಟರ್. ಹೈಡ್ರಾಕ್ಸೈಡ್ ಅಯಾನಿನ ಗಾತ್ರವೂ ಹೆಚ್ಚುಕಡಿಮೆ ಅಷ್ಟೇ, ಆವೇಶವೂ −1. ಹಾಗಾಗಿ ಹಲ್ಲು, ಮೂಳೆಗಳಲ್ಲಿ ಹೈಡ್ರಾಕ್ಸೈಡ್ ಇರುವ ಜಾಗಕ್ಕೆ ಫ್ಲೋರೈಡ್ ಸಲೀಸಾಗಿ ಹೋಗಿ ಕೂರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 1.5. ಕುದಿಸಿದರೆ ಹೋಗುತ್ತದೆ ಅನ್ನುವವರ ಮಾತು ಕೇಳಬೇಡಿ: ಆವಿಯಾಗುವುದು ನೀರು, ಅಯಾನು ಪಾತ್ರೆಯಲ್ಲೇ ಉಳಿದು ಸಾಂದ್ರತೆ ಇನ್ನೂ ಏರುತ್ತದೆ. ಆರ್‌ಒ (ಪೊರೆಯ ಮೂಲಕ ನೀರು ಸೋಸುವ ಯಂತ್ರ) ಅಥವಾ ಫ್ಲೋರೈಡನ್ನು ಹಿಡಿದಿಡುವ ಆಕ್ಟಿವೇಟೆಡ್ ಅಲ್ಯುಮಿನಾ ಬೇಕು.

ಇನ್ನು ಎಣಿಕೆ. ಎಲೆಕ್ಟ್ರಾನ್ = ಪರಮಾಣು ಸಂಖ್ಯೆ (ಅಂದರೆ ಪ್ರೋಟಾನ್ ಸಂಖ್ಯೆ) − ಆವೇಶ. ಚಿಹ್ನೆಯನ್ನು ಆವರಣದೊಳಗೆ ಬರೆದೇ ಕಳೆಯಿರಿ: ಫ್ಲೋರೈಡಿಗೆ 9 − (−1) = 10, ಸೋಡಿಯಂ ಅಯಾನಿಗೆ 11 − (+1) = 10. ಹೆಚ್ಚಿನವರು ಎಡವುವುದು ಇಲ್ಲೇ. ಪ್ಲಸ್ ಕಂಡ ಕೂಡಲೇ ಎಲೆಕ್ಟ್ರಾನ್ ಕೂಡಿಸುತ್ತಾರೆ, ಇಲ್ಲವೇ ಪ್ರೋಟಾನ್ ಸಂಖ್ಯೆಗೇ ಕೈ ಹಾಕುತ್ತಾರೆ. ಪ್ರೋಟಾನ್ ಬದಲಾದರೆ ಧಾತುವೇ ಬದಲಾಯಿತಲ್ಲ! ಎರಡರಲ್ಲೂ 10 ಎಲೆಕ್ಟ್ರಾನ್ ಇದ್ದರೂ ಸೋಡಿಯಂ ಅಯಾನಿನ ತ್ರಿಜ್ಯ ಸುಮಾರು 102 ಪಿಕೋಮೀಟರ್ ಮಾತ್ರ, ಯಾಕೆಂದರೆ ಅಷ್ಟೇ ಎಲೆಕ್ಟ್ರಾನುಗಳನ್ನು 11 ಪ್ರೋಟಾನ್ ಎಳೆಯುತ್ತಿವೆ. ಗಾತ್ರದ ಕ್ರಮ ಬರೆಯಿರಿ ಅನ್ನುವ ಪ್ರಶ್ನೆಗೆ ಇಷ್ಟು ಸಾಕು.

ನ್ಯೂಟ್ರಾನ್ ಎಣಿಸುವಾಗಲೂ ಒಂದು ತಪ್ಪಾಗುತ್ತದೆ: ಕ್ಲೋರಿನ್ನಿನ ನ್ಯೂಟ್ರಾನ್ 35.5 − 17 = 18.5 ಅಂತ ಬರೆಯಬೇಡಿ. 35.5 ಸರಾಸರಿ ಪರಮಾಣು ರಾಶಿ, ಸುಮಾರು 76% ಕ್ಲೋರಿನ್-35, 24% ಕ್ಲೋರಿನ್-37 ಬೆರೆತು ಬಂದದ್ದು. ಒಂದು ಪರಮಾಣುವಿನಲ್ಲಿ 18 ನ್ಯೂಟ್ರಾನ್ ಇರುತ್ತದೆ, ಇಲ್ಲವೇ 20.

ಕಬ್ಬಿಣದಂಥ ಸಂಕ್ರಮಣ ಧಾತು ಬಂದರೆ ಒಂದು ಎಚ್ಚರ. ತಟಸ್ಥ ಕಬ್ಬಿಣ ಆರ್ಗಾನಿನ 18 ಎಲೆಕ್ಟ್ರಾನ್ ವಿನ್ಯಾಸದ ಮೇಲೆ 3ಡಿ⁶ 4ಎಸ್². 4ಎಸ್ ಮೊದಲು ತುಂಬುತ್ತದೆ, ಹಾಗಾಗಿ ಕೊನೆಗೆ ತುಂಬಿದ 3ಡಿಯಿಂದಲೇ ತೆಗೆಯಬೇಕು ಅಂತ 2+ ಅಯಾನಿಗೆ 3ಡಿ⁴ 4ಎಸ್² ಬರೆದವರಿಗೆ ಅಂಕ ಹೋಗುತ್ತದೆ. ಎಲೆಕ್ಟ್ರಾನ್ ಹೊರಡುವುದು ಅತಿ ಹೊರಗಿನ ಕವಚದಿಂದ, ಅಂದರೆ 4ಎಸ್‌ನಿಂದ. 2+ ಅಯಾನು 3ಡಿ⁶, 3+ ಅಯಾನು 3ಡಿ⁵.